ಇಗ್ಬೊ ಅಧ್ಯಯನ ವಿದ್ವಾಂಸರ ಆನ್‌ಲೈನ್ ಕೋಶ: ಅರ್ಧ ಕೆಲಸ ಹೆಸರಿನದೇ

ನೈಜೀರಿಯಾದ ಆಗ್ನೇಯ ಭಾಗದ ಅಬಿಯಾ, ಅನಾಂಬ್ರಾ, ಎಬೊನ್ಯಿ, ಎನುಗು, ಇಮೊ ರಾಜ್ಯಗಳು ಇಗ್ಬೊ ಜನರ ಮುಖ್ಯ ನೆಲೆ. ಅವರ ಭಾಷೆ, ಚರಿತ್ರೆ, ಕಲೆಯ ಮೇಲೆ ಕೆಲಸ ಮಾಡುವವರು ಅಲ್ಲಿನ ವಿಶ್ವವಿದ್ಯಾಲಯದ ಊರುಗಳಾದ ಎನ್‌ಸುಕ್ಕಾ, ಔಕಾ, ಒವೆರಿಗಳಲ್ಲಿದ್ದಾರೆ, ಬ್ರಿಟನ್ನಿನಲ್ಲಿದ್ದಾರೆ, ಅಮೆರಿಕದಲ್ಲೂ ಇದ್ದಾರೆ. ಪಿಎಚ್‌ಡಿ ಪ್ರಬಂಧಕ್ಕೆ ಹೊರಗಿನ ಪರೀಕ್ಷಕರು ಬೇಕಾದಾಗ, ವಸ್ತುಸಂಗ್ರಹಾಲಯದ ಕಂಚಿನ ಪಾತ್ರೆಯೊಂದು, ಪುರಾತನ ಕಂಚಿನ ಕೃತಿಗಳು ಸಿಕ್ಕ ಇಗ್ಬೊ-ಉಕ್ವು ಊರಿನ ಶೈಲಿಯದೇ ಎಂದು ಕೇಳಬೇಕಾದಾಗ ಯಾರನ್ನು ಹುಡುಕಬೇಕು ಎಂಬುದಕ್ಕೆ ಉತ್ತರ ಕೊಡುವುದು ವಿದ್ವಾಂಸರ ಹೆಸರು, ವಿಷಯ ಪಟ್ಟಿಮಾಡುವ ಆನ್‌ಲೈನ್ ಕೋಶದ ಕೆಲಸ. ವೆಬ್‌ಸೈಟ್ ಕಟ್ಟುವುದು ಇದರಲ್ಲಿ ಸಣ್ಣ ಭಾಗ. ಹೆಸರು, ವಿಷಯ, ಮಾಹಿತಿಯ ತಾಜಾತನ ಈ ಮೂರನ್ನು ಸರಿಯಾಗಿ ಹಿಡಿಯದಿದ್ದರೆ ಎಷ್ಟು ಚಂದದ ಪುಟವಿದ್ದರೂ ಬಳಕೆಗೆ ಬರುವುದಿಲ್ಲ.

ಯಾರು ಸೇರಬೇಕು ಎಂಬ ನಿಯಮವನ್ನು ಮೊದಲೇ ಬರೆದಿಟ್ಟು, ಕೋಶದಲ್ಲೇ ಪ್ರಕಟಿಸಿ. ಹುಟ್ಟಿನಿಂದ ಇಗ್ಬೊ ಆಗಿರುವುದು ಅಳತೆಗೋಲಲ್ಲ, ಅಧ್ಯಯನದ ವಸ್ತು ಅಳತೆಗೋಲು. ಇಗ್ಬೊ-ಉಕ್ವುವಿನಲ್ಲಿ ಉತ್ಖನನ ನಡೆಸಿದ ಥರ್ಸ್ಟನ್ ಶಾ ಬ್ರಿಟಿಷರು, ಆದರೂ ಒಳಗೆ ಬರುತ್ತಾರೆ. ಇಗ್ಬೊ ಮನೆತನದ ರಸಾಯನಶಾಸ್ತ್ರಜ್ಞರು ಬರುವುದಿಲ್ಲ. ಮುಗಿದ ಪಿಎಚ್‌ಡಿ, ಅಥವಾ ಎರಡು ಪ್ರಕಟಿತ ಬರಹ, ಅಥವಾ ನಿಘಂಟು, ಧ್ವನಿಮುದ್ರಣ ಸಂಗ್ರಹದಂಥ ಒಂದು ಆಕರ ಕೃತಿ: ಇಷ್ಟು ಸಾಕು. ವಿಶ್ವವಿದ್ಯಾಲಯದ ಹುದ್ದೆ ಕಡ್ಡಾಯ ಮಾಡಬೇಡಿ. ಇಗ್ಬೊ ಭಾಷೆ ಮತ್ತು ಸಂಸ್ಕೃತಿಗಾಗಿ 1949ರಲ್ಲಿ ಸಂಘ ಕಟ್ಟಿದ ಎಫ್. ಸಿ. ಒಗ್ಬಾಲು ಆಗ ಶಾಲಾ ಮೇಷ್ಟ್ರಾಗಿದ್ದರು. ತಮ್ಮ ಊರಿನ ಚರಿತ್ರೆ ಬರೆದ ನಿವೃತ್ತ ಉಪಾಧ್ಯಾಯರು ಅಲ್ಲಿ ಇಂದಿಗೂ ಬಹಳ ಮಂದಿ. ಅವರನ್ನು ಬಿಟ್ಟ ಕೋಶ ಅರೆಬರೆ. ಇತಿಹಾಸಕಾರ ಅಡಿಯೆಲೆ ಅಫಿಗ್ಬೊ (1937–2009) ಅವರಂಥ ದಿವಂಗತರಿಗೆ ಪ್ರತ್ಯೇಕ ಬಗೆಯ ದಾಖಲೆ ಇರಲಿ. ಅದರಲ್ಲಿ ಸಂಪರ್ಕದ ಕಾಲಂ ಬೇಡ, ಅವರ ಕಾಗದಪತ್ರಗಳು ಎಲ್ಲಿವೆ ಎಂಬ ಕಾಲಂ ಬೇಕು.

ಇನ್ನು ಹೆಸರು. ಇಗ್ಬೊ ವಾರಕ್ಕೆ ನಾಲ್ಕೇ ದಿನ: ಎಕೆ, ಒರಿಯೆ, ಅಫೊ, ಎನ್‌ಕ್ವೊ. ಹುಟ್ಟಿದ ದಿನದ ಮೇಲೆ ಗಂಡುಮಕ್ಕಳಿಗೆ ಇಟ್ಟ ಒಕೆಕೆ, ಒಕೊರಿಯೆ, ಒಕಫೊರ್, ಒಕೊಂಕ್ವೊ ಹೆಸರುಗಳೇ ಮುಂದೆ ಮನೆತನದ ಹೆಸರುಗಳಾದವು. ಹಾಗಾಗಿ ಒಂದೇ ಹೆಸರಿನ ಇಬ್ಬರು ಮೂವರು ವಿದ್ವಾಂಸರು ಸಿಕ್ಕೇ ಸಿಗುತ್ತಾರೆ. ಇನ್ನೊಂದು ಕಡೆ, ಒಬ್ಬರೇ ವ್ಯಕ್ತಿ ನಾಲ್ಕು ರೂಪದಲ್ಲಿ ಕಾಣಿಸುತ್ತಾರೆ: ಪ್ರಬಂಧದಲ್ಲಿ ಚುಕ್ವುಎಮೆಕಾ, ಲೇಖನದಲ್ಲಿ ಎಮೆಕಾ, ಪುಸ್ತಕದ ಮೇಲೆ ಇನಿಷಿಯಲ್ಲು, ಸಮ್ಮೇಳನದ ಪಟ್ಟಿಯಲ್ಲಿ ಕ್ರೈಸ್ತ ಹೆಸರು. ಮದುವೆಯಾದ ಮೇಲೆ ಎರಡು ಮನೆತನದ ಹೆಸರನ್ನು ಅಡ್ಡಗೆರೆಯಿಂದ ಜೋಡಿಸಿಕೊಂಡ ಮಹಿಳೆಯರ ಹಳೆಯ ಲೇಖನಗಳು ಹಳೆಯ ಹೆಸರಲ್ಲೇ ಉಳಿದಿರುತ್ತವೆ. ಆದ್ದರಿಂದ ಹೆಸರಿಗೆ ಮೂರು ಕಾಲಂ ಬೇಕು: ಪುಟದಲ್ಲಿ ಕಾಣುವ ರೂಪ, ಅಕಾರಾದಿಗೆ ಬೇಕಾದ ರೂಪ, ಪರ್ಯಾಯ ರೂಪಗಳೆಲ್ಲ. ಮೂರನೆಯದು ಹುಡುಕಾಟಕ್ಕೆ ಸಿಕ್ಕರೆ ಸಾಕು. ಅದು ಪುಟದಲ್ಲಿ ಕಾಣಬೇಕೋ ಬೇಡವೋ ಎಂಬುದು ಆಯಾ ವಿದ್ವಾಂಸರ ಇಷ್ಟ. ಪ್ರೊಫೆಸರ್, ಚೀಫ್, ರೆವರೆಂಡ್, ಎನ್‌ಜೆ ಮುಂತಾದ ಬಿರುದುಗಳಿಗೆ ಬೇರೆ ಕಾಲಂ ಮಾಡದಿದ್ದರೆ ಅಕಾರಾದಿ ಕೆಡುತ್ತದೆ.

ಒಬ್ಬರೋ ಇಬ್ಬರೋ ಎಂದು ತೀರ್ಮಾನಿಸಲು, ಪ್ರತಿ ಸಂಶೋಧಕರಿಗೂ ಪ್ರತ್ಯೇಕವಾಗಿ ಸಿಗುವ ಆರ್ಕಿಡ್ (ORCID) ಗುರುತಿನ ಸಂಖ್ಯೆಯೇ ಮೇಲು. ಅದರಲ್ಲಿ 16 ಅಂಕಿ, ಕೊನೆಯದು ತಾಳೆ ನೋಡುವ ಅಂಕಿ. ಸೊನ್ನೆಯಿಂದ ಶುರುಮಾಡಿ, ಮೊದಲ 15 ಅಂಕಿಗಳನ್ನು ಒಂದೊಂದಾಗಿ ಕೂಡಿಸುತ್ತಾ ಪ್ರತಿ ಸಲ ಮೊತ್ತವನ್ನು ಎರಡರಿಂದ ಗುಣಿಸಿ. ಕೊನೆಯ ಮೊತ್ತವನ್ನು 11ರಿಂದ ಭಾಗಿಸಿ, ಶೇಷವನ್ನು 12ರಿಂದ ಕಳೆಯಿರಿ, ಬಂದದ್ದನ್ನು ಮತ್ತೆ 11ರಿಂದ ಭಾಗಿಸಿದರೆ ಉಳಿಯುವ ಶೇಷವೇ 16ನೆಯ ಅಂಕಿ. ಅದು 10 ಆದರೆ ‘ಎಕ್ಸ್’ ಎಂದಿರುತ್ತದೆ. ಅರ್ಜಿ ಫಾರಂನಲ್ಲೇ ಈ ಲೆಕ್ಕ ಹಾಕಿಸಿದರೆ ಬೆರಳಚ್ಚಿನ ತಪ್ಪುಗಳು ಅಲ್ಲೇ ಸಿಕ್ಕಿಬೀಳುತ್ತವೆ. ಆರ್ಕಿಡ್ ಇಲ್ಲದ ಹಿರಿಯರಿಗೆ ಪಿಎಚ್‌ಡಿ ಪ್ರಬಂಧದ ಶೀರ್ಷಿಕೆ ಮತ್ತು ವರ್ಷ ನೋಡಿ.

ಇಗ್ಬೊ ಭಾಷೆಯನ್ನು ಬರೆಯುವ 1961ರ ಒನ್ವು ಸಮಿತಿಯ ಬರಹಕ್ರಮದಲ್ಲಿ 36 ಅಕ್ಷರಗಳಿವೆ. ರೋಮನ್ ಲಿಪಿಯ ಐ, ಓ, ಯು ಕೆಳಗೆ ಚುಕ್ಕೆ ಬರುತ್ತದೆ, ಎನ್ ಮೇಲೆ ಚುಕ್ಕೆ ಬರುತ್ತದೆ. ತೊಂದರೆ ಏನೆಂದರೆ, ಚುಕ್ಕೆಯ ಓ ಅನ್ನು ಯುನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಓ ಮತ್ತು ಚುಕ್ಕೆ ಎಂದು ಎರಡು ಸಂಕೇತವಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಒಂದರಲ್ಲಿ ಹುಡುಕಿದರೆ ಇನ್ನೊಂದು ಸಿಗುವುದಿಲ್ಲ. ದತ್ತಾಂಶ ಒಳಬರುವಾಗಲೇ ಎಲ್ಲವನ್ನೂ ಎನ್‌ಎಫ್‌ಸಿ ರೂಪಕ್ಕೆ, ಎಂದರೆ ಅಕ್ಷರ, ಚುಕ್ಕೆ ಸೇರಿ ಒಂದೇ ಸಂಕೇತವಾದ ರೂಪಕ್ಕೆ ತನ್ನಿ. ಹುಡುಕಾಟದ ಸೂಚಿಯಲ್ಲಿ ಚುಕ್ಕೆ, ದನಿಯ ಏರಿಳಿತದ ಚಿಹ್ನೆ ಎಲ್ಲ ತೆಗೆದ ಇನ್ನೊಂದು ಪ್ರತಿ ಇಡಿ, ಏಕೆಂದರೆ ಹುಡುಕುವವರಲ್ಲಿ ಹೆಚ್ಚಿನವರು ಚುಕ್ಕೆ ಒತ್ತುವುದಿಲ್ಲ. ಐ, ಓ, ಯು ಚುಕ್ಕೆಗಳು ವಿಯೆಟ್ನಾಮಿ ಭಾಷೆಯಲ್ಲೂ ಇರುವುದರಿಂದ ಬಹುತೇಕ ಫಾಂಟ್‌ಗಳಲ್ಲಿ ಸಿಗುತ್ತವೆ. ಎನ್ ಮೇಲಿನ ಚುಕ್ಕೆಯೇ ಕೈಕೊಡುವುದು. ಅದು ಕನ್ನಡದ ‘ಙ’ವನ್ನು ರೋಮನ್ ಲಿಪಿಯಲ್ಲಿ ಬರೆಯಲು ವಿದ್ವಾಂಸರು ಬಳಸುವ ಅಕ್ಷರವೇ. ಹಾಗಾಗಿ ಸಂಸ್ಕೃತ ಲಿಪ್ಯಂತರಕ್ಕೆ ಒಗ್ಗುವ ಫಾಂಟ್ ಆರಿಸಿದರೆ ಇಗ್ಬೊಗೂ ಸರಿಹೋಗುತ್ತದೆ.

ಎಕ್ಸೆಲ್‌ನಲ್ಲಿ ಸಿಎಸ್‌ವಿ (ಅಲ್ಪವಿರಾಮದಿಂದ ಕಾಲಂ ಬೇರ್ಪಡಿಸಿದ ಪಠ್ಯ) ಕಡತವನ್ನು ನೇರ ಡಬಲ್ ಕ್ಲಿಕ್ ಮಾಡಿ ತೆರೆಯಬೇಡಿ. ಚುಕ್ಕೆಯ ಅಕ್ಷರಗಳು ಕಸವಾಗಬಹುದು, ಹಾಗೇ ಸೇವ್ ಮಾಡಿದರೆ ಮತ್ತೆ ಸರಿಪಡಿಸುವುದು ಕಷ್ಟ. ಎಕ್ಸೆಲ್ ಸಂಖ್ಯೆಯ ಮೊದಲ ಸೊನ್ನೆಗಳನ್ನು ನುಂಗುತ್ತದೆ. ಅಡ್ಡಗೆರೆ ಇಲ್ಲದೆ ಬರೆದ ಆರ್ಕಿಡ್ ಅಲ್ಲಿ ಹಾಳಾಗುತ್ತದೆ. ಆಮದು ಮಾಡುವಾಗ ಯುಟಿಎಫ್-8 ಎಂಬ ಯುನಿಕೋಡ್ ಸಂಕೇತಕ್ರಮ ಆರಿಸಿ, ಆ ಕಾಲಂ ಅನ್ನು ಪಠ್ಯ ಎಂದು ಗುರುತಿಸಿ.

ವಿಷಯಗಳನ್ನು ವಿದ್ವಾಂಸರೇ ಮನಸ್ಸಿಗೆ ಬಂದಂತೆ ಬರೆಯಲು ಬಿಟ್ಟರೆ ‘ಸಂಸ್ಕೃತಿ’ ಎಂಬ ಒಂದೇ ಮಾತಿನ ಕೆಳಗೆ ಅರ್ಧ ಕೋಶ ಬಂದು ಕೂರುತ್ತದೆ. ಸುಮಾರು 30 ವಿಷಯಗಳ ನಿಗದಿತ ಪಟ್ಟಿ ಮಾಡಿ: ಧ್ವನಿವಿಜ್ಞಾನ, ಉಪಭಾಷೆಗಳು, ಮೌಖಿಕ ಕಾವ್ಯ, ಉಲಿ ಚಿತ್ರಕಲೆ, ದೇವತೆಗೆ ಅರ್ಪಿಸುವ ಎಂಬಾರಿ ಮನೆಗಳು, 1929ರ ಮಹಿಳೆಯರ ಹೋರಾಟ, 1967–70ರ ಬಿಯಾಫ್ರಾ ಯುದ್ಧ, ಅಟ್ಲಾಂಟಿಕ್ ಗುಲಾಮ ವ್ಯಾಪಾರ ಹೀಗೆ. ಒಬ್ಬರಿಗೆ ಐದಕ್ಕಿಂತ ಹೆಚ್ಚು ಬೇಡ. ಹಳೆಯ ಗ್ರಂಥಾಲಯ ಸೂಚಿಗಳಲ್ಲಿ ‘ಇಬೊ’ ಎಂಬ ವಸಾಹತು ಕಾಲದ ರೂಪವಿದೆ, ಹೆಸರು ಕಲೆಹಾಕುವಾಗ ಎರಡನ್ನೂ ಹುಡುಕಬೇಕು. ಇಕ್ವೆರೆಯಂಥ ಸಮುದಾಯಗಳ ವಿಷಯದಲ್ಲಿ ಎಚ್ಚರ ಇರಲಿ. ಅದು ಇಗ್ಬೊವೇ, ಬೇರೆಯೇ ಎಂಬುದು ಬಿಯಾಫ್ರಾ ಯುದ್ಧದ ನಂತರದ ಸೂಕ್ಷ್ಮ ರಾಜಕೀಯ. ಐಎಸ್‌ಒ ಭಾಷಾ ಸಂಕೇತಗಳ ಪಟ್ಟಿಯಲ್ಲಿ ಇಕ್ವೆರೆಗೆ ಪ್ರತ್ಯೇಕ ಸಂಕೇತವಿದೆ. ಅದನ್ನು ಪ್ರತ್ಯೇಕವಾಗಿಯೇ ಇಟ್ಟು, ಎರಡನ್ನೂ ಗುರುತಿಸಿಕೊಳ್ಳುವ ಆಯ್ಕೆಯನ್ನು ವಿದ್ವಾಂಸರಿಗೇ ಬಿಡುವುದು ನ್ಯಾಯ.

ಬದುಕಿರುವವರ ದಾಖಲೆಯನ್ನು ಅವರ ಲಿಖಿತ ಒಪ್ಪಿಗೆ ಪಡೆದೇ ಪ್ರಕಟಿಸಿ. ನೈಜೀರಿಯಾದಲ್ಲಿ 2023ರ ದತ್ತಾಂಶ ರಕ್ಷಣಾ ಕಾಯ್ದೆಯಿದೆ, ಯುರೋಪಿನವರಿಗೆ 2018ರಿಂದ ಜಿಡಿಪಿಆರ್ ಎಂಬ ಅಂಥದೇ ನಿಯಮವಿದೆ. ಒಪ್ಪಿಗೆಯ ದಿನಾಂಕವೂ ದಾಖಲೆಯಲ್ಲಿರಲಿ. ಫೋನ್ ನಂಬರ್, ಮನೆ ವಿಳಾಸ ಬೇಡವೇ ಬೇಡ. ಇಮೇಲ್ ತೋರಿಸದೆ ಸಂದೇಶ ಕಳಿಸುವ ಫಾರಂ ಕೊಟ್ಟರೆ ಸಾಕು.

ಪ್ರತಿ ದಾಖಲೆಯ ಕೆಳಗೆ ‘ಕೊನೆಯ ಬಾರಿ ಖಚಿತಪಡಿಸಿದ್ದು’ ಎಂಬ ದಿನಾಂಕ ಎದ್ದು ಕಾಣಬೇಕು. ವರ್ಷಕ್ಕೊಮ್ಮೆ ಅವರ ದಾಖಲೆಯನ್ನೇ ಇಮೇಲ್‌ನಲ್ಲಿ ಕಳಿಸಿ, ಸರಿಯಿದೆಯೇ ಎಂದು ಕೇಳಿ. ಉತ್ತರ ಬಾರದಿದ್ದರೆ ಮೂರು ವಾರ ಬಿಟ್ಟು ಮತ್ತೊಮ್ಮೆ. ಆಗಲೂ ಮೌನವಾದರೆ ‘ಖಚಿತವಾಗಿಲ್ಲ’ ಎಂದು ಗುರುತು ಹಾಕಿ, ಅಳಿಸಬೇಡಿ. 2022ರಲ್ಲಿ ನೈಜೀರಿಯಾದ ಸರ್ಕಾರಿ ವಿಶ್ವವಿದ್ಯಾಲಯಗಳ ಅಧ್ಯಾಪಕರು ಫೆಬ್ರವರಿಯಿಂದ ಅಕ್ಟೋಬರ್‌ವರೆಗೆ ಎಂಟು ತಿಂಗಳು ಮುಷ್ಕರ ಹೂಡಿದ್ದರು. ಅಂಥ ಕಾಲದಲ್ಲಿ ಸಂಸ್ಥೆಯ ಇಮೇಲ್‌ಗೆ ಉತ್ತರ ಬರಲಿಲ್ಲವೆಂದು ಆ ವಿದ್ವಾಂಸರು ಕೆಲಸ ಬಿಟ್ಟರು ಎಂದು ಬರೆದರೆ ಅನ್ಯಾಯವಾಗುತ್ತದೆ. ಖಾಸಗಿ ಇಮೇಲ್ ಒಂದನ್ನು ಕಡತದಲ್ಲಿ ಮಾತ್ರ ಇಟ್ಟುಕೊಳ್ಳುವುದು ಇದಕ್ಕೇ.

500 ದಾಖಲೆಗಳಿಗೆ ದೊಡ್ಡ ಸರ್ವರ್ ಬೇಕಿಲ್ಲ. ದಾಖಲೆಗೆ ಎರಡು ಕೆಬಿ ಎಂದರೂ ಒಟ್ಟು ಒಂದು ಎಂಬಿ, ಸ್ಥಿರ ಪುಟಗಳೇ ಸಾಕು. ಫೋಟೊಗಳನ್ನು 30 ಕೆಬಿ ಒಳಗೆ ಇಳಿಸಿದರೆ ಎನ್‌ಸುಕ್ಕಾದಲ್ಲಿ ಮೊಬೈಲ್ ಡೇಟಾದಲ್ಲಿ ತೆರೆಯುವವರಿಗೂ ಹೊರೆಯಾಗದು. ಇಂಥ ಕೋಶಗಳು ಸಾಯುವುದು ಸಾಮಾನ್ಯವಾಗಿ ಡೊಮೇನ್ ನವೀಕರಣ ಮರೆತಾಗ, ಇಲ್ಲವೇ ಪಾಸ್‌ವರ್ಡ್ ಗೊತ್ತಿದ್ದ ಒಬ್ಬರೇ ಒಬ್ಬರು ಬೇರೆ ಕೆಲಸಕ್ಕೆ ಹೋದಾಗ. ಡೊಮೇನ್‌ಗೆ ಐದು ವರ್ಷದ ಹಣ ಒಟ್ಟಿಗೇ ಕಟ್ಟಿ, ಕೀಲಿಗಳು ಬೇರೆ ಬೇರೆ ಊರಿನ ಇಬ್ಬರ ಬಳಿ ಇರಲಿ. ಒಪ್ಪಿಗೆ ಕೊಟ್ಟವರ ಸಾರ್ವಜನಿಕ ಕಾಲಂಗಳಷ್ಟನ್ನು ವರ್ಷಕ್ಕೊಮ್ಮೆ ಝೆನೋಡೊ ಎಂಬ ಸಂಶೋಧನಾ ದತ್ತಾಂಶದ ಆನ್‌ಲೈನ್ ಭಂಡಾರದಲ್ಲಿ ಇಟ್ಟರೆ ಪ್ರತಿ ಆವೃತ್ತಿಗೂ ಉಚಿತವಾಗಿ ಡಿಒಐ (ಶಾಶ್ವತ ಗುರುತಿನ ಸಂಖ್ಯೆ) ಸಿಗುತ್ತದೆ. ಅಲ್ಲಿಗೆ ಹೋದ ಕಡತವನ್ನು ಹಿಂತೆಗೆಯುವುದು ಸುಲಭವಲ್ಲ, ಹಾಗಾಗಿ ಒಪ್ಪಿಗೆ ಪತ್ರದಲ್ಲಿ ಈ ಪ್ರತಿಯ ವಿಷಯಕ್ಕೂ ಒಂದು ಸಾಲು ಸೇರಿಸಬೇಕು.