ಗಿಡಕ್ಕೊಂದು ಮೀಟರ್ ಇದೆ, ಕೆಲಸದವರಿಗೆ?

ಉತ್ತರ ಕರ್ನಾಟಕದಲ್ಲಿ ಹಗೇವು ನೋಡಿ ಬೆಳೆದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಜೋಳ ತುಂಬಿಡುವ ನೆಲದೊಳಗಿನ ಗುಂಡಿ ಅದು. ಬಾಯಿ ತೆರೆದ ಕೂಡಲೇ ಒಳಗೆ ಇಳಿಯಬಾರದು. ಗಾಳಿಯಾಡಲು ಬಿಡಬೇಕು. ಆಮೇಲೆ ಕಂದೀಲಿಗೆ ಹಗ್ಗ ಕಟ್ಟಿ ಇಳಿಸಿ ನೋಡಬೇಕು. ದೀಪ ಆರಿತೋ, ಒಳಗೆ ಜೀವಕ್ಕೆ ಅಪಾಯ ಎಂದೇ ಲೆಕ್ಕ. ಕೂಡಿಟ್ಟ ಕಾಳೂ ಉಸಿರಾಡುತ್ತದೆ, ಅದಕ್ಕೆ ಹತ್ತಿದ ಬೂಸ್ಟೂ ಉಸಿರಾಡುತ್ತದೆ. ಆಮ್ಲಜನಕ ಖರ್ಚಾಗಿ ಕಾರ್ಬನ್ ಡೈಆಕ್ಸೈಡ್ ತುಂಬುತ್ತದೆ. ಈ ಅನಿಲ ಗಾಳಿಗಿಂತ ಒಂದೂವರೆ ಪಟ್ಟು ಭಾರ. ಹಾಗಾಗಿ ಗುಂಡಿ ಬಿಟ್ಟು ಸುಲಭವಾಗಿ ಮೇಲೇಳುವುದಿಲ್ಲ.

ಈಗ ಹಗೇವು ಅಪರೂಪ. ಆದರೆ ಬಾಗಿಲು ಮುಚ್ಚಿದ ಕೋಣೆಯಲ್ಲಿ ಬೆಳೆ ತೆಗೆಯುವವರು ಜಾಸ್ತಿಯಾಗಿದ್ದಾರೆ. ಹಿತ್ತಲ ಕೋಣೆಯಲ್ಲಿ ಅಣಬೆ, ಶೆಡ್‌ನಲ್ಲಿ ಎಲ್‌ಇಡಿ ಬೆಳಕಿನಡಿ ಲೆಟ್ಯೂಸ್. ಕಾಳಿನ ಗುಂಡಿಯ ಬಗ್ಗೆ ಹಿರಿಯರಿಗಿದ್ದ ಎಚ್ಚರ ಈ ಕೋಣೆಗಳಿಗೂ ಬರಬೇಕು.

ಅಣಬೆ ಗಿಡವಲ್ಲ, ಶಿಲೀಂಧ್ರ. ನಮ್ಮಂತೆಯೇ ಆಮ್ಲಜನಕ ತೆಗೆದುಕೊಂಡು ಕಾರ್ಬನ್ ಡೈಆಕ್ಸೈಡ್ ಬಿಡುತ್ತದೆ. ಅಣಬೆ ಬೀಜ ಹಾಕಿದ ಹುಲ್ಲಿನ ಚೀಲಗಳನ್ನು ಎರಡು-ಮೂರು ವಾರ ಕತ್ತಲ ಕೋಣೆಯಲ್ಲಿ ಮುಚ್ಚಿಡುತ್ತಾರಲ್ಲ, ಆಗ ಒಳಗಿನ ಗಾಳಿಯಲ್ಲಿ ಈ ಅನಿಲ ಏರುತ್ತಾ ಹೋಗುತ್ತದೆ. ಹೊರಗಿನ ಗಾಳಿಯಲ್ಲಿ ಅದು ಸುಮಾರು 420 ಪಿಪಿಎಂ, ಅಂದರೆ 10 ಲಕ್ಷ ಭಾಗದಲ್ಲಿ 420 ಭಾಗ. ಚೀಲ ತುಂಬಿದ ಕೋಣೆಯಲ್ಲಿ ಸಾವಿರಗಟ್ಟಲೆ ಆಗಬಹುದು. ಕೊಡೆ ಮೂಡುವ ಹೊತ್ತಿಗೆ ಬೆಳೆಗಾರರು ಕಿಟಕಿ ತೆರೆಯುತ್ತಾರೆ, ಫ್ಯಾನ್ ಹಾಕುತ್ತಾರೆ. ಇಲ್ಲದಿದ್ದರೆ ಚಿಪ್ಪಣಬೆಯ ಕಾಲು ಉದ್ದವಾಗಿ, ಕೊಡೆ ಚಿಕ್ಕದಾಗಿ, ಬೆಲೆ ಸಿಗುವುದಿಲ್ಲ. ಅಣಬೆ ಕೆಡಬಾರದೆಂದು ಗಾಳಿ ಬಿಡುತ್ತೇವೆ. ಅದಕ್ಕೂ ಮೊದಲಿನ ಮೂರು ವಾರ ಅದೇ ಕೋಣೆಗೆ ಹೋಗಿ ಬರುವ ಮನುಷ್ಯರ ಸಲುವಾಗಿಯೂ ಗಾಳಿ ಬಿಡಬೇಕು, ಅಲ್ವಾ?

ಸೊಪ್ಪು, ಟೊಮೆಟೊ ಬೆಳೆಯುವ ಕೋಣೆಯ ಕಥೆ ಇದಕ್ಕೆ ಉಲ್ಟಾ. ಬೆಳಕಿದ್ದಾಗ ಗಿಡ ಕಾರ್ಬನ್ ಡೈಆಕ್ಸೈಡ್ ಹೀರುತ್ತದೆ. ಮುಚ್ಚಿದ ಕೋಣೆಯಲ್ಲಿ ಅದು ಬೇಗ ಕಡಿಮೆಯಾಗುತ್ತದೆ. ಹಾಗಾಗಿ ಸಿಲಿಂಡರ್‌ನಿಂದಲೋ ಇಂಧನ ಉರಿಸುವ ಬರ್ನರ್‌ನಿಂದಲೋ ಈ ಅನಿಲ ಬಿಟ್ಟು 1,000 ಪಿಪಿಎಂ ಆಸುಪಾಸಿಗೆ ಏರಿಸುತ್ತಾರೆ. ಗಿಡ ಚೆನ್ನಾಗಿ ಬೆಳೆಯುತ್ತದೆ. ಅಷ್ಟರಿಂದ ಮನುಷ್ಯರಿಗೆ ತೊಂದರೆ ಇಲ್ಲ. ಎಂಟು ಗಂಟೆ ಕೆಲಸಕ್ಕೆ ಅಮೆರಿಕದಲ್ಲಿ ಇಟ್ಟಿರುವ ಮಿತಿ 5,000 ಪಿಪಿಎಂ. 40,000 ಎಂದರೆ ತಕ್ಷಣದ ಪ್ರಾಣಾಪಾಯ.

40,000 ದೂರದ ಮಾತು ಅನ್ನಿಸಬಹುದು. ಒಂದು ಲೆಕ್ಕ ಹಾಕೋಣ. 10 ಮೀಟರ್ ಉದ್ದ, 6 ಮೀಟರ್ ಅಗಲ, 3 ಮೀಟರ್ ಎತ್ತರದ ಕೋಣೆ. ಒಳಗಿನ ಗಾಳಿ 180 ಘನ ಮೀಟರ್. 30 ಕೆಜಿ ಅನಿಲ ಇರುವ ಒಂದು ಸಿಲಿಂಡರ್‌ನ ವಾಲ್ವ್ ರಾತ್ರಿ ಕೆಟ್ಟು ಎಲ್ಲವೂ ಸೋರಿತು ಎಂದುಕೊಳ್ಳಿ. ಒಂದು ಕೆಜಿ ಸುಮಾರು ಅರ್ಧ ಘನ ಮೀಟರ್‌ಗಿಂತ ಸ್ವಲ್ಪ ಹೆಚ್ಚು ಅನಿಲವಾಗುತ್ತದೆ. ಒಟ್ಟು 16 ಘನ ಮೀಟರ್. ಕೋಣೆಯಿಂದ ಗಾಳಿ ಹೊರಹೋಗದಿದ್ದರೆ ಸುಮಾರು 80,000 ದಿಂದ 90,000 ಪಿಪಿಎಂ. ಪ್ರಾಣಾಪಾಯದ ಮಟ್ಟದ ಎರಡು ಪಟ್ಟು. ಬೆಳಗ್ಗೆ ಬಾಗಿಲು ತೆರೆದು ಒಳಗೆ ಕಾಲಿಡುವವರ ಕಣ್ಣಿಗೆ ಈ ಅನಿಲ ಕಾಣುವುದಿಲ್ಲ.

ಆಮ್ಲಜನಕದ ಮೀಟರ್ ಇದ್ದರೆ ಸಾಕು ಎಂದು ಸುಮಾರು ಜನ ನಂಬಿದ್ದಾರೆ. ಸಾಲದು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹಗೇವಿನಲ್ಲಿ ಕಾಳು ಆಮ್ಲಜನಕ ತಿಂದು ಹೆಚ್ಚುಕಮ್ಮಿ ಅಷ್ಟೇ ಕಾರ್ಬನ್ ಡೈಆಕ್ಸೈಡ್ ಬಿಡುತ್ತದೆ. ಕಾರ್ಬನ್ ಡೈಆಕ್ಸೈಡ್ ಶೇಕಡಾ 5 ಏರಿದರೆ ಆಮ್ಲಜನಕ ಶೇಕಡಾ 20.9ರಿಂದ 16ಕ್ಕೆ ಇಳಿಯುತ್ತದೆ. ಆ ಮಟ್ಟದಲ್ಲೇ ದೀಪ ಆರುವುದು. ಆದರೆ ಸಿಲಿಂಡರ್ ಅನಿಲ ಹೊರಗಿನಿಂದ ಸೇರುವಂಥದ್ದು. ಅದು ಇಡೀ ಗಾಳಿಯನ್ನು ಪಕ್ಕಕ್ಕೆ ತಳ್ಳುತ್ತದೆ. ಶೇಕಡಾ 5 ಸೇರಿದರೂ ಆಮ್ಲಜನಕ 19.9ಕ್ಕಷ್ಟೇ ಇಳಿಯುತ್ತದೆ. ಆಮ್ಲಜನಕದ ಅಲಾರಂ ಸಾಮಾನ್ಯವಾಗಿ ಕೂಗುವುದು 19.5ರಲ್ಲಿ. ಅಂದರೆ 50,000 ಪಿಪಿಎಂ ಇದ್ದರೂ ಆ ಮೀಟರ್ ಸುಮ್ನೆ ಇರುತ್ತದೆ. ದೀಪವೂ ಉರಿಯುತ್ತಲೇ ಇರುತ್ತದೆ. ಹಾಗಾಗಿ ಇಂಥ ಕೋಣೆಗೆ ಕಾರ್ಬನ್ ಡೈಆಕ್ಸೈಡನ್ನೇ ಅಳೆಯುವ ಮೀಟರ್ ಬೇಕೇ ಬೇಕು.

ಬರ್ನರ್ ಇಟ್ಟಿದ್ದರೆ ಇನ್ನೊಂದು ಭಯ, ಕಾರ್ಬನ್ ಮೊನಾಕ್ಸೈಡ್. ಇಂಧನ ಪೂರ್ತಿ ಉರಿಯದಿದ್ದಾಗ ಇದು ಹುಟ್ಟುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಅದೇ ಕೆಟ್ಟ ಉರಿಯಿಂದ ಎಥಿಲೀನ್ ಕೂಡ ಬರುತ್ತದೆ, ಅದಕ್ಕೆ ಟೊಮೆಟೊ ಎಲೆಗಳು ಕೆಳಕ್ಕೆ ಬಾಗುತ್ತವೆ. ಚೆನ್ನಾಗಿ ನೀರಿದ್ದೂ ಎಲೆ ಜೋತುಬಿದ್ದರೆ ಬರ್ನರ್ ನಿಲ್ಲಿಸಿ, ಹೊರಗೆ ಬಂದುಬಿಡಿ.

ಇದೆಲ್ಲ ಎಲ್ಲಿಗೆ ಮುಟ್ಟುತ್ತದೆ ಎನ್ನುವುದು ಕೆನಡಾದ ಲ್ಯಾಂಗ್ಲಿಯಲ್ಲಿ 2008ರ ಸೆಪ್ಟೆಂಬರ್ 5ರಂದು ಕಂಡಿತು. ಬಟನ್ ಅಣಬೆಗೆ ಬೇಕಾದ ಕಾಂಪೋಸ್ಟ್ ತಯಾರಿಸುವ ಘಟಕ ಅದು. ಹುಲ್ಲು, ಕೋಳಿ ಗೊಬ್ಬರ, ಜಿಪ್ಸಂ ಕೊಳೆಸಿ ಈ ಕಾಂಪೋಸ್ಟ್ ಮಾಡುತ್ತಾರೆ. ಗೊಬ್ಬರದಲ್ಲೂ ಜಿಪ್ಸಂನಲ್ಲೂ ಗಂಧಕ ಇದೆ. ಗಾಳಿ ಸಿಗದೆ ಕೊಳೆತರೆ ಬ್ಯಾಕ್ಟೀರಿಯಾಗಳು ಅದನ್ನು ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲ ಮಾಡುತ್ತವೆ. ಪಂಪ್ ಶೆಡ್‌ನಲ್ಲಿ ಕಟ್ಟಿಕೊಂಡ ಪೈಪ್ ಬಿಡಿಸಲು ಹೋದವರು ವಿಷಗಾಳಿಗೆ ಕುಸಿದರು. ಕಾಪಾಡಲು ಓಡಿದವರೂ ಬಿದ್ದರು. 3 ಜನ ಸತ್ತರು. ಇಬ್ಬರ ಮಿದುಳಿಗೆ ಶಾಶ್ವತ ಪೆಟ್ಟಾಯಿತು. ಮನೆಗೆ ಹಣ ಕಳಿಸಲು, ಮಕ್ಕಳನ್ನು ಓದಿಸಲು ದುಡಿಯುವವರೇ ಇಂಥ ಕಡೆ ಇರುತ್ತಾರೆ. ಅದನ್ನು ನೆನೆದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಹೈಡ್ರೋಜನ್ ಸಲ್ಫೈಡ್ ಒಂದು ಪಿಪಿಎಂಗಿಂತ ಕಡಿಮೆ ಇದ್ದಾಗಲೇ ಕೊಳೆತ ಮೊಟ್ಟೆಯ ನಾತ ಬರುತ್ತದೆ. ಆದರೆ 100 ಪಿಪಿಎಂ ಹತ್ತಿರ ಮೂಗು ಮರಗಟ್ಟಿ ವಾಸನೆ ಹೋಗುತ್ತದೆ. ಪ್ರಾಣಾಪಾಯದ ಮಿತಿಯೂ ಅದೇ 100. ನಾತ ನಿಂತಿತು, ಇನ್ನು ಪರವಾಗಿಲ್ಲ ಎಂದುಕೊಳ್ಳುವ ಗಳಿಗೆಯೇ ಅತ್ಯಂತ ಕೆಟ್ಟ ಗಳಿಗೆ.

ನಮ್ಮಲ್ಲಿ ಚಿಪ್ಪಣಬೆಗೆ ಬಳಸುವ ಭತ್ತದ ಹುಲ್ಲಿನಲ್ಲಿರುವ ಸೂಕ್ಷ್ಮಜೀವಿಗಳನ್ನು ಕೊಲ್ಲಲು ಅದನ್ನು ಫಾರ್ಮಲಿನ್ ಎಂಬ ರಾಸಾಯನಿಕ ಬೆರೆಸಿದ ನೀರಿನಲ್ಲಿ ನೆನೆಸುವ ರೂಢಿಯೂ ಇದೆ. ಫಾರ್ಮಲಿನ್‌ನ ಹಬೆ ಕಣ್ಣು, ಗಂಟಲು ಉರಿಸುತ್ತದೆ. ಅದು ಕ್ಯಾನ್ಸರ್‌ಗೂ ಕಾರಣವಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಹೇಳಿದೆ. ಬಿಸಿನೀರಿನಲ್ಲೋ ಹಬೆಯಲ್ಲೋ ಹುಲ್ಲು ಬೇಯಿಸಿದರೂ ಕೆಲಸ ಆಗುತ್ತದೆ. ಸೌದೆ ಖರ್ಚು ಜಾಸ್ತಿ, ನಿಜ. ನಾನಾದರೆ ಸೌದೆಯನ್ನೇ ಆರಿಸಿಕೊಳ್ಳುತ್ತೇನೆ.

ಯಾರಾದರೂ ಒಳಗೆ ಬಿದ್ದರೆ ಹಿಂದೆಯೇ ನುಗ್ಗಬೇಡಿ. ಇದು ಹೇಳಲು ಕಷ್ಟ, ಮಾಡಲು ಇನ್ನೂ ಕಷ್ಟ. ಒಳಗಿರುವುದು ಅಣ್ಣನೋ ತಮ್ಮನೋ ಆಗಿರಬಹುದು. ಆದರೆ ಇಂಥ ಮುಚ್ಚಿದ ಜಾಗಗಳಲ್ಲಿ ಸತ್ತವರಲ್ಲಿ 60 ಶೇಕಡಾಕ್ಕೂ ಹೆಚ್ಚು ಜನ ಕಾಪಾಡಲು ಹೋದವರೇ ಎಂದು ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಸ್ಥೆ ನಿಯೋಶ್ 1986ರಲ್ಲಿ ಹೇಳಿತು. ಮೂಗಿಗೆ ಒದ್ದೆ ಬಟ್ಟೆ, ಧೂಳಿನ ಮಾಸ್ಕ್ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಹೊರಗಿನಿಂದಲೇ ಅನಿಲ ಬಂದ್ ಮಾಡಿ, ಬಾಗಿಲು ತೆರೆದು, 112ಕ್ಕೆ ಕರೆ ಮಾಡಿ. ಬೆನ್ನಿಗೆ ಗಾಳಿ ಸಿಲಿಂಡರ್ ಕಟ್ಟಿಕೊಂಡ ಅಗ್ನಿಶಾಮಕ ದಳದವರು ಒಳಗೆ ಹೋಗಲಿ.

ಅನಿಲ ಬಿಟ್ಟು ಬೆಳೆಯುವ ಕೋಣೆಯಲ್ಲಿ ಈಗಾಗಲೇ ಒಂದು ಮೀಟರ್ ಇರುತ್ತದೆ. ಎಲೆಗಳ ಎತ್ತರಕ್ಕೆ ತೂಗುಬಿಟ್ಟದ್ದು, ಗಿಡಕ್ಕೆ ಸಾಕಷ್ಟು ಸಿಕ್ಕಿತೇ ಎಂದು ನೋಡಲು. ಕೆಲಸದವರಿಗಾಗಿ ಇನ್ನೊಂದು ಬೇಕು. ಅದರ ಸೆನ್ಸರ್ ಒಳಗೆ, ಮನುಷ್ಯರು ಉಸಿರಾಡುವ ಎತ್ತರದಲ್ಲಿ. ಅನಿಲ ಭಾರವಾದ್ದರಿಂದ ನೆಲದ ಹತ್ತಿರ ಮತ್ತೊಂದು ಇದ್ದರೆ ಒಳ್ಳೆಯದು. ಅಂಕಿ ತೋರಿಸುವ ಪರದೆ ಮಾತ್ರ ಬಾಗಿಲ ಹೊರಗಿರಲಿ, ಬೀಗ ತೆರೆಯುವವರು ಕೀಲಿ ಹಾಕುವ ಮೊದಲೇ ಓದುವ ಹಾಗೆ.