ಗುಂಡಿಯೊಳಗಿನ ಬೆಂಕಿ

ಸೌದೆಗೆ ಬೆಂಕಿ ಹಚ್ಚಿದಾಗ ಮೊದಲು ಉರಿಯುವುದು ಸೌದೆಯಲ್ಲ. ಕಾವು ಏರಿ ಸುಮಾರು 300 ಡಿಗ್ರಿ ಸೆಲ್ಸಿಯಸ್ ಮುಟ್ಟುವ ಹೊತ್ತಿಗೆ ಮರದ ಸೆಲ್ಯುಲೋಸ್, ಲಿಗ್ನಿನ್‌ಗಳು ಒಡೆದು ಅನಿಲವಾಗಿ ಹೊರಬರುತ್ತಿರುತ್ತವೆ. ಆ ಅನಿಲಕ್ಕೆ ಸಾಕಷ್ಟು ಬಿಸಿಯೂ ಗಾಳಿಯೂ ಸಿಕ್ಕರೆ ಜ್ವಾಲೆ, ಸಿಗದಿದ್ದರೆ ಹೊಗೆ. ನಮ್ಮ ಕಣ್ಣಲ್ಲಿ ನೀರು ತರಿಸುವ ಹೊಗೆಯ ಬಹುಪಾಲು ಉರಿಯದೆ ತಪ್ಪಿಸಿಕೊಂಡ ಇಂಧನವೇ. ಬಯಲಲ್ಲಿ ರಾಶಿ ಹಾಕಿ ಹಚ್ಚಿದ ಬೆಂಕಿಯಲ್ಲಿ ಈ ನಷ್ಟ ಜಾಸ್ತಿ. ಅನಿಲ ಹೊತ್ತಿಕೊಳ್ಳುವ ಮೊದಲೇ ಬೀಸುಗಾಳಿ ಅದನ್ನು ತಣಿಸಿ ಹೊತ್ತೊಯ್ಯುತ್ತದೆ. ಹಸಿ ಸೌದೆಯಾದರಂತೂ ಕೇಳುವುದೇ ಬೇಡ. ಅದರ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ಅದನ್ನು ಆವಿ ಮಾಡುವುದಕ್ಕೇ ಕಾವೆಲ್ಲ ಖರ್ಚು.

ಇದಕ್ಕೊಂದು ಜಾಣ ಉಪಾಯ 'ಡಕೋಟಾ ಗುಂಡಿ'. ಉತ್ತರ ಅಮೆರಿಕದ ಹುಲ್ಲುಗಾವಲಿನ ಮೂಲನಿವಾಸಿಗಳ ಹೆಸರಲ್ಲೇ ಅದು ಪ್ರಸಿದ್ಧ. ಆ ಸೀಮೆಯಲ್ಲಿ ಮರ ಕಡಿಮೆ, ಗಾಳಿ ಜೋರು, ಕಿಡಿ ಹಾರಿದರೆ ಸುತ್ತಲೂ ಒಣಹುಲ್ಲು. ಅಕ್ಕಪಕ್ಕದಲ್ಲಿ ಒಂದೊಂದು ಅಡಿ ಆಳದ ಎರಡು ಗುಂಡಿ ತೋಡಿ, ತಳದಲ್ಲಿ ಒಂದು ಬಿಲ ಕೊರೆದು ಎರಡನ್ನೂ ಸೇರಿಸುತ್ತಾರೆ. ಬೆಂಕಿ ಒಂದರಲ್ಲಿ ಮಾತ್ರ. ಬಿಸಿಗಾಳಿ ಅಲ್ಲಿಂದ ಮೇಲೇರಿದಂತೆ, ಗಾಳಿ ಬೀಸಿ ಬರುವ ದಿಕ್ಕಿಗಿರುವ ಇನ್ನೊಂದು ಗುಂಡಿಯಿಂದ ತಾಜಾ ಗಾಳಿ ಬಿಲದ ಮೂಲಕ ಬೆಂಕಿಯ ಬುಡಕ್ಕೇ ನುಗ್ಗುತ್ತದೆ. ತಿದಿ ಒತ್ತುವವರು ಬೇಡ. ಉರಿ ಬಿಸಿಯಾಗಿರುತ್ತದೆ, ಹೊಗೆ ಕಡಿಮೆ, ದೂರದವರ ಕಣ್ಣಿಗೆ ಜ್ವಾಲೆಯೂ ಬೀಳದು.

ಈಗ ಅಂಗಡಿಗಳಲ್ಲಿ ಸಿಗುವ 'ಸ್ಮೋಕ್‌ಲೆಸ್' ಉಕ್ಕಿನ ಅಗ್ಗಿಷ್ಟಿಕೆಯೂ ಇದರ ನೆಂಟನೇ. ಅದರ ಗೋಡೆ ಎರಡು ಪದರದ್ದು. ಕೆಳಗಿನ ತೂತುಗಳಿಂದ ಹೊಕ್ಕ ಗಾಳಿ ಪದರಗಳ ನಡುವೆ ಕಾದು, ಅಂಚಿನ ತೂತುಗಳಿಂದ ಹೊರಬಂದು, ಉಳಿದ ಹೊಗೆಯನ್ನು ಅಲ್ಲೇ ಉರಿಸುತ್ತದೆ. ಹೆಸರು ಮಾತ್ರ ತುಸು ಉತ್ಪ್ರೇಕ್ಷೆ. ಹೊತ್ತಿಸುವಾಗಲೂ ಆರುವಾಗಲೂ ಹೊಗೆ ಬಂದೇ ಬರುತ್ತದೆ. ಇನ್ನೊಂದು ಕೊರತೆ ಇವೆರಡಕ್ಕೂ ಸೇರಿದ್ದು. ಚಳಿ ಕಾಯಿಸಲು ಕೂತವರಿಗೆ ಬೆಂಕಿಯ ಕಾವು ತಲುಪುವುದು ಹೆಚ್ಚಾಗಿ ವಿಕಿರಣದಿಂದ, ನೇರ ಗೆರೆಯಲ್ಲಿ. ನಡುವೆ ಗೋಡೆ ಬಂದರೆ ಆ ಕಾವು ಗೋಡೆಯ ಪಾಲು. ಮೈ ಕಾಯಿಸಲು ಬಯಲ ಬೆಂಕಿಯೇ ಲೇಸು.

ಆದರೆ ಗುಂಡಿಯ ಗೋಡೆ ನುಂಗಿದ ಕಾವು ಎಲ್ಲಿಗೂ ಓಡಿಹೋಗುವುದಿಲ್ಲ. ಮಣ್ಣು ಅದನ್ನು ಮೆಲ್ಲಗೆ ಬಿಟ್ಟುಕೊಡುತ್ತದೆ. ನೆಲದೊಲೆಗಳ ಬಂಡವಾಳವೇ ಇದು. ನ್ಯೂಜಿಲೆಂಡಿನ ಮಾವೊರಿ ಜನರ 'ಹಾಂಗಿ'ಯಲ್ಲಿ ಕಲ್ಲುಗಳನ್ನು ಬೆಂಕಿಯಲ್ಲಿ ಚೆನ್ನಾಗಿ ಕಾಯಿಸಿ ಗುಂಡಿಗಿಳಿಸಿ, ಮೇಲೆ ಮಾಂಸ, ಗೆಡ್ಡೆಗಳ ಬುಟ್ಟಿ ಇಟ್ಟು, ಒದ್ದೆ ಬಟ್ಟೆ ಹೊದಿಸಿ ಮಣ್ಣು ಮುಚ್ಚುತ್ತಾರೆ. ಮೂರ್ನಾಲ್ಕು ಗಂಟೆ ಆ ಕಡೆ ತಿರುಗಿ ನೋಡಬೇಕಿಲ್ಲ. ಕಲ್ಲಿನ ಆಯ್ಕೆಯಲ್ಲಿ ಮಾತ್ರ ಎಚ್ಚರ ಬೇಕು. ಜ್ವಾಲಾಮುಖಿಯ ಗಟ್ಟಿ ಕಲ್ಲು ಒಳ್ಳೆಯದು. ಹೊಳೆಯಿಂದ ಎತ್ತಿ ತಂದ ಒದ್ದೆಗಲ್ಲಿನ ರಂಧ್ರಗಳಲ್ಲಿ ನೀರು ಕೂತಿದ್ದರೆ ಅದು ಉಗಿಯಾಗುವಾಗ ಸಾವಿರ ಪಟ್ಟಿಗೂ ಮೀರಿ ಹಿಗ್ಗುತ್ತದೆ, ಕಲ್ಲು ಸಿಡಿಯಬಹುದು.

ಹಾಂಗಿಯ 'ಕುಮರಾ' ಬೇರೇನಲ್ಲ, ನಮ್ಮ ಸಿಹಿಗೆಣಸೇ. ಅದರಲ್ಲೊಂದು ಕಿಣ್ವವಿದೆ, ಬೀಟಾ ಅಮೈಲೇಸ್. 60ರಿಂದ 75 ಡಿಗ್ರಿಯ ಆಸುಪಾಸಿನಲ್ಲಿ ಅದು ಪಿಷ್ಟವನ್ನು ಮಾಲ್ಟೋಸ್ ಸಕ್ಕರೆಯಾಗಿ ಕತ್ತರಿಸುತ್ತದೆ. ಬಿಸಿ ಇನ್ನೂ ಏರಿದರೆ ಕಿಣ್ವವೇ ಕೆಡುತ್ತದೆ. ನಿಧಾನವಾಗಿ ಕಾದಷ್ಟೂ ಅದಕ್ಕೆ ಕೆಲಸ ಮಾಡಲು ಪುರಸೊತ್ತು ಜಾಸ್ತಿ. ಬಿಸಿಬೂದಿಯಲ್ಲಿ ಹುಗಿದು ಸುಟ್ಟ ಗೆಣಸು ಗಡಿಬಿಡಿಯಲ್ಲಿ ಬೇಯಿಸಿದ್ದಕ್ಕಿಂತ ಸಿಹಿಯಾಗುವುದು ಇದರಿಂದಲೇ.

ಅಮೆರಿಕದ ವಾಯವ್ಯ ಭಾಗದ ಕ್ಯಾಮಸ್ ಗೆಡ್ಡೆಯ ಕಥೆ ಇನ್ನೂ ಸ್ವಾರಸ್ಯದ್ದು. ಅದರಲ್ಲಿ ತುಂಬಿರುವುದು ಪಿಷ್ಟವಲ್ಲ, ಇನ್ಯುಲಿನ್ ಎಂಬ ನಾರಿನಂಶ. ಅದನ್ನು ಒಡೆಯುವ ಕಿಣ್ವ ನಮ್ಮಲ್ಲಿಲ್ಲ. ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಅದನ್ನು ಹುಳಿಸಿದರೆ ಹೊಟ್ಟೆಯುಬ್ಬರ. ಅಲ್ಲಿನ ನೆಜ್ ಪರ್ಸ್ ಮತ್ತಿತರ ಬುಡಕಟ್ಟಿನವರು ಗೆಡ್ಡೆಯನ್ನು ಕಾದ ಕಲ್ಲಿನ ಗುಂಡಿಯಲ್ಲಿ ಒಂದೆರಡು ದಿನ, ಕೆಲವೊಮ್ಮೆ ಇನ್ನೂ ಹೆಚ್ಚು ಹೊತ್ತು ಹೂತಿಡುತ್ತಿದ್ದರು. ತೇವ, ಬಿಸಿ, ಸಮಯ ಮೂರೂ ಸೇರಿ ಇನ್ಯುಲಿನ್ ಮುರಿದು ಫ್ರಕ್ಟೋಸ್ ಸಕ್ಕರೆಯಾಗುತ್ತಿತ್ತು, ಗೆಡ್ಡೆ ಕಪ್ಪಾಗಿ ಸಿಹಿಯಾಗುತ್ತಿತ್ತು. 1805ರ ಸೆಪ್ಟೆಂಬರಿನಲ್ಲಿ ಅಮೆರಿಕದ ಪಶ್ಚಿಮ ಸೀಮೆಯ ಅನ್ವೇಷಣೆಗೆ ಹೊರಟು, ಹಸಿದು ಕಂಗೆಟ್ಟು ಬಂದ ಲೂಯಿಸ್ ಮತ್ತು ಕ್ಲಾರ್ಕ್ ತಂಡಕ್ಕೆ ನೆಜ್ ಪರ್ಸ್ ಜನ ಇದನ್ನೇ ಬಡಿಸಿದರು. ತಂಡದ ಹಲವರ ಹೊಟ್ಟೆ ಕೆಟ್ಟಿತು. ಒಣಗಿಸಿದ ಮೀನನ್ನೂ ತಿಂದಿದ್ದರು, ಅದಕ್ಕೂ ಮುಂಚೆ ಎಷ್ಟೋ ದಿನ ಅರೆಹೊಟ್ಟೆಯಲ್ಲಿದ್ದರು. ದೂರನ್ನೆಲ್ಲ ಗೆಡ್ಡೆಯ ತಲೆಗೆ ಕಟ್ಟುವಂತಿಲ್ಲ.