ಹಕ್ಕು ಬಿಟ್ಟುಕೊಡುವುದೂ ಸುಲಭವಲ್ಲ: ಕಂಪೈಲರ್ ಲೈಸೆನ್ಸ್‌ಗಳ ಹಿನ್ನೆಲೆ

1980ರ ಮೇ ತಿಂಗಳ ‘ಡಾಕ್ಟರ್ ಡಾಬ್ಸ್ ಜರ್ನಲ್’ ಪತ್ರಿಕೆಯಲ್ಲಿ ರಾನ್ ಕೇನ್ ಎಂಬವರು ಸಿ ಭಾಷೆಯಲ್ಲಿ ಬರೆದ ಪ್ರೋಗ್ರಾಮನ್ನು ಯಂತ್ರಕ್ಕೆ ಅರ್ಥವಾಗುವ ಕೋಡಿಗೆ ತಿರುಗಿಸುವ ಒಂದು ಪುಟ್ಟ ಕಂಪೈಲರಿನ ಸೋರ್ಸ್ ಕೋಡನ್ನು ಇಡಿಯಾಗಿ ಅಚ್ಚು ಹಾಕಿಸಿದರು. ಹೆಸರು ಸ್ಮಾಲ್-ಸಿ, ಬರೆದದ್ದು 8080 ಪ್ರೊಸೆಸರಿಗೆ. ಅದರ ಮೇಲೆ ಯಾವ ಹಕ್ಕನ್ನೂ ಇಟ್ಟುಕೊಳ್ಳದೆ ಪಬ್ಲಿಕ್ ಡೊಮೇನಿಗೆ ಬಿಟ್ಟರು. ಮುಂದೆ ಜೇಮ್ಸ್ ಹೆಂಡ್ರಿಕ್ಸ್ ಅದನ್ನು ಬೆಳೆಸಿದರು. ಬೇರೆಯವರು ತಮ್ಮ ತಮ್ಮ ಯಂತ್ರಗಳಿಗೆ ಒಗ್ಗಿಸಿಕೊಂಡರು. ಯಾರೂ ಯಾರ ಅಪ್ಪಣೆಗೂ ಕಾಯಬೇಕಾಗಲಿಲ್ಲ. ಮನೆಯಲ್ಲಿ ಕೂತು ಕಲಿಯುವವರಿಗೆ ಇದಕ್ಕಿಂತ ದೊಡ್ಡ ಉಪಕಾರ ಇನ್ನೇನಿದ್ದೀತು!

ಇಂದಿನ ದೊಡ್ಡ ಕಂಪೈಲರ್‌ಗಳು ಮಾತ್ರ ಈ ದಾರಿ ಹಿಡಿಯಲಿಲ್ಲ. ಹಕ್ಕು ತಮ್ಮಲ್ಲೇ ಇಟ್ಟುಕೊಂಡು, ಬೇಕಾದಂತೆ ಬಳಸಿ ಎಂದು ಅನುಮತಿ ಕೊಡುವ ಉದಾರ ಲೈಸೆನ್ಸ್‌ಗಳ ಕಡೆಗೆ ಹಲವು ವಾಲಿದವು. ಏಕೆಂದು ತಿಳಿಯಲು ಕಂಪೈಲರಿನ ಒಂದು ವಿಶೇಷವನ್ನು ಹತ್ತಿರದಿಂದ ನೋಡಬೇಕು.

ಎಡಿಟರಿನಲ್ಲಿ ಬರೆದ ಪತ್ರದೊಳಗೆ ಎಡಿಟರಿನ ಕೋಡ್ ಸೇರುವುದಿಲ್ಲ. ಕಂಪೈಲರಿನದು ಹಾಗಲ್ಲ. 32 ಬಿಟ್ ಚಿಪ್‌ಗೆ ಬರೆದ ಪ್ರೋಗ್ರಾಮಿನಲ್ಲಿ 64 ಬಿಟ್‌ನ ಎರಡು ಸಂಖ್ಯೆಗಳನ್ನು ಭಾಗಿಸಿದ್ದೀರಿ ಎನ್ನಿ. ಅಷ್ಟು ದೊಡ್ಡ ಭಾಗಾಕಾರವನ್ನು ಒಂದೇ ಏಟಿಗೆ ಮಾಡುವ ಶಕ್ತಿ ಅಂಥ ಚಿಪ್‌ಗಳಿಗೆ ಸಾಮಾನ್ಯವಾಗಿ ಇರುವುದಿಲ್ಲ. ಆಗ ಕಂಪೈಲರಿನ ಜೊತೆಗೆ ಬರುವ ಲೈಬ್ರರಿಯಿಂದ ಒಂದು ಸಣ್ಣ ಫಂಕ್ಷನ್ ಸದ್ದಿಲ್ಲದೆ ನಿಮ್ಮ ಪ್ರೋಗ್ರಾಮಿಗೆ ಜೋಡಣೆಯಾಗುತ್ತದೆ. ನೀವು ಬರೆದದ್ದು ಒಂದು ಭಾಗಾಕಾರ ಚಿಹ್ನೆ; ಹೊರಬಂದ ಫೈಲಿನಲ್ಲಿ ಇನ್ನೊಬ್ಬರ ಹಕ್ಕುಸ್ವಾಮ್ಯದ ಕೋಡ್.

ಇದರ ಬಿಸಿ ಚೆನ್ನಾಗಿ ತಟ್ಟಿದ್ದು ಪಾರ್ಸರ್, ಅಂದರೆ ಪ್ರೋಗ್ರಾಮಿನ ವಾಕ್ಯಗಳನ್ನು ಬಿಡಿಸಿ ಓದುವ ಕೋಡ್, ತಯಾರಿಸಿಕೊಡುವ ಬೈಸನ್ ಎಂಬ ಉಪಕರಣವನ್ನು ಬಳಸುವವರಿಗೆ. ಅದು ತಾನು ತಯಾರಿಸುವ ಪ್ರತಿ ಫೈಲಿಗೂ ತನ್ನದೇ ಕೋಡಿನ ದೊಡ್ಡ ಭಾಗವನ್ನು ನಕಲು ಮಾಡುತ್ತದೆ. ಆ ಭಾಗವೂ ಜಿಪಿಎಲ್ ಅಡಿಯಲ್ಲಿ, ಅಂದರೆ ತನ್ನನ್ನು ಸೇರಿಸಿಕೊಂಡ ಪ್ರೋಗ್ರಾಮನ್ನೂ ಅದೇ ಷರತ್ತಿನಲ್ಲಿ ಹಂಚಬೇಕೆನ್ನುವ ಲೈಸೆನ್ಸಿನಡಿ, ಇದ್ದುದರಿಂದ, ಬಹುಕಾಲ ಅದನ್ನು ಮುಕ್ತ ತಂತ್ರಾಂಶಗಳಲ್ಲಿ ಮಾತ್ರ ಬಳಸಬಹುದಾಗಿತ್ತು. ಯಾರೂ ಹಾಗೆಂದು ನಿರ್ಧರಿಸಿರಲಿಲ್ಲ. ಇಡೀ ಸೋರ್ಸಿಗೆ ಎಂದಿನ ಲೈಸೆನ್ಸ್ ಹಾಕಿದ್ದರ ಫಲ ಅದು. ಕೊನೆಗೆ ವಿನಾಯಿತಿ ಸೇರಿಸಬೇಕಾಯಿತು. 1985ರಲ್ಲಿ ಬೈಸನ್ನನ್ನು ಮೊದಲು ಬರೆದ ರಾಬರ್ಟ್ ಕಾರ್ಬೆಟ್ ಅವರೇ ಅದೇ ಕೆಲಸಕ್ಕೆ 1989ರಲ್ಲಿ ಹೊರತಂದ ಬರ್ಕ್‌ಲಿ ಯಾಕ್ ಮಾತ್ರ ಪಬ್ಲಿಕ್ ಡೊಮೇನಿನಲ್ಲಿತ್ತು, ಬೇಗ ಹರಡಿತು. ಒಬ್ಬರ ಕೈಯಿಂದ ಶುರುವಾದ ಎರಡು ಉಪಕರಣಗಳು, ಬಳಸುವವನಿಗೆ ಎರಡು ಬೇರೆ ಲೋಕ.

ಹಾಗಾದರೆ ಎಲ್ಲರೂ ಹಕ್ಕು ಬಿಟ್ಟುಕೊಡಬಹುದಲ್ಲ? ಬಿಟ್ಟೆ ಎಂದರೆ ಸಾಲದು, ಕಾನೂನೂ ಒಪ್ಪಬೇಕು. ಜರ್ಮನಿಯಲ್ಲಿ ಲೇಖಕನಿಗೆ ಬದುಕಿರುವಾಗ ತನ್ನ ಹಕ್ಕುಸ್ವಾಮ್ಯವನ್ನು ಪರಭಾರೆ ಮಾಡಲು ಬರುವುದಿಲ್ಲ. ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆಯ 21ನೇ ಕಲಂ ಹೆಚ್ಚು ಉದಾರ: ರಿಜಿಸ್ಟ್ರಾರರಿಗೆ ನೋಟಿಸು ಕೊಟ್ಟು ಹಕ್ಕು ತ್ಯಜಿಸಬಹುದು; 2012ರ ತಿದ್ದುಪಡಿಯಾದ ಮೇಲೆ ಸಾರ್ವಜನಿಕ ಪ್ರಕಟಣೆಯೂ ಸಾಕು. ಆದರೆ ಬೆಂಗಳೂರಿನಲ್ಲಿ ಬರೆದ ಕೋಡನ್ನು ಬರ್ಲಿನ್‌ನಲ್ಲೂ ಬಳಸುತ್ತಾರೆ. ಈ ತೊಡಕು ನೀಗಲೆಂದು 2009ರಲ್ಲಿ ಸಿಸಿ-ಝೀರೋ ಬಂತು: ಹಕ್ಕು ಬಿಟ್ಟೆ ಎನ್ನುವ, ಕಾನೂನು ಅದನ್ನು ಒಪ್ಪದ ಕಡೆ ಷರತ್ತಿಲ್ಲದ ಅನುಮತಿ ಕೊಡುವ ಸಿದ್ಧ ಒಕ್ಕಣೆ. ಅದು ಪೇಟೆಂಟ್ ಹಕ್ಕುಗಳನ್ನು ಬಿಟ್ಟುಕೊಡುವುದಿಲ್ಲ ಎಂಬ ಕಾರಣಕ್ಕೆ 2022ರಲ್ಲಿ ಫೆಡೋರಾ ಎಂಬ ಲಿನಕ್ಸ್ ಯೋಜನೆ ಅದನ್ನು ಹೊಸ ಕೋಡಿಗೆ ಒಪ್ಪುವುದಿಲ್ಲ ಎಂದಿತು.

2000ದಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಕ್ರಿಸ್ ಲ್ಯಾಟ್ನರ್ ಮತ್ತು ವಿಕ್ರಮ್ ಅಡ್ವೆ ಶುರುಮಾಡಿದ ಕಂಪೈಲರ್ ಯೋಜನೆ ಎಲ್‌ಎಲ್‌ವಿಎಂ ಉದಾರ ಲೈಸೆನ್ಸನ್ನೇ ಆರಿಸಿತ್ತು. ಆದರೂ ಅದರಲ್ಲಿ ಒಂದು ಮುಳ್ಳು: ಪ್ರೋಗ್ರಾಮನ್ನು ಬೈನರಿಯಾಗಿ, ಅಂದರೆ ಕಂಪೈಲ್ ಆದ ರೂಪದಲ್ಲಿ, ಹಂಚಿದರೂ ಹಕ್ಕುಸ್ವಾಮ್ಯದ ಸೂಚನೆ ಜೊತೆಗಿರಬೇಕು. ಒಂದು ಭಾಗಾಕಾರ ಮಾಡಿದ ತಪ್ಪಿಗೆ ವಿಶ್ವವಿದ್ಯಾಲಯದ ಸೂಚನೆ ಹೊತ್ತು ತಿರುಗುವುದು ನ್ಯಾಯವೇ? ಅದಕ್ಕೆಂದೇ ಜೋಡಣೆಯಾಗುವ ಲೈಬ್ರರಿಗಳಿಗೆ, ಬೈನರಿಯ ಬಗ್ಗೆ ಅಂಥ ಷರತ್ತು ಬರೆಯದ ಎಂಐಟಿ ಲೈಸೆನ್ಸನ್ನೂ ಕೊಟ್ಟರು. ಆಗ ಇನ್ನೊಂದು ತಾಪತ್ರಯ: ಎರಡರ ಲೈಸೆನ್ಸ್ ಬೇರೆಯಾದ್ದರಿಂದ ಕಂಪೈಲರಿನ ಕೋಡನ್ನು ಲೈಬ್ರರಿಗೆ ಸಲೀಸಾಗಿ ಸಾಗಿಸುವಂತಿಲ್ಲ. 2015ರಲ್ಲಿ ಶುರುವಾದ ಚರ್ಚೆ 2019ರ ಜನವರಿಯಲ್ಲಿ ಅಪಾಚೆ 2.0 ಲೈಸೆನ್ಸಿಗೆ ಬಂದು ನಿಂತಿತು. ಪೇಟೆಂಟಿಗೂ ಅದರಲ್ಲಿ ಸ್ಪಷ್ಟ ಅನುಮತಿಯಿದೆ. ಕಂಪೈಲ್ ಮಾಡಿದ್ದರಿಂದ ನಿಮ್ಮ ಫೈಲಿನೊಳಗೆ ಬಂದು ಸೇರುವ ಭಾಗಕ್ಕೆ ಸೂಚನೆಯ ಷರತ್ತು ಅನ್ವಯಿಸದು ಎಂಬ ವಿನಾಯಿತಿಯನ್ನೂ ಬರೆದರು. ರಾನ್ ಕೇನ್ ಓದುಗರಿಗೆ ಕೊಟ್ಟ ಸ್ವಾತಂತ್ರ್ಯ ಆ ತುಣುಕುಗಳ ಮಟ್ಟಿಗಾದರೂ ಮರಳಿ ಸಿಕ್ಕಿತು ಎಂದೇ ನಾನು ತಿಳಿಯುತ್ತೇನೆ. ಹಳೆಯ ಕೋಡಿಗೆ ಮಾತ್ರ ಬರೆದವರನ್ನೆಲ್ಲ ಹುಡುಕಿ ಒಪ್ಪಿಗೆ ಪಡೆಯಬೇಕಾಯಿತು.

ಪಬ್ಲಿಕ್ ಡೊಮೇನನ್ನೇ ನಂಬಿ ಗಟ್ಟಿಯಾಗಿ ನಿಂತವರೂ ಇದ್ದಾರೆ. ಲೆಮನ್ ಎಂಬ ಪಾರ್ಸರ್ ಜನರೇಟರ್ ಎಸ್‌ಕ್ಯೂಲೈಟ್ ಡೇಟಾಬೇಸಿನ ಸೋರ್ಸಿನ ಜೊತೆಯಲ್ಲೇ ಸಿಗುತ್ತದೆ, ಯಾವ ಷರತ್ತೂ ಇಲ್ಲ. ಆದರೆ ಆ ಯೋಜನೆಗೆ ಹೊರಗಿನವರು ಸುಮ್ಮನೆ ಕೋಡ್ ಕಳಿಸಿದರೆ ಸೇರಿಸಿಕೊಳ್ಳುವುದಿಲ್ಲ. ಕೋಡ್ ಬರೆದವರು ಹಕ್ಕು ಬಿಟ್ಟುಕೊಟ್ಟು ಸಹಿ ಮಾಡಿದ ಪ್ರಮಾಣಪತ್ರಗಳ ಮೂಲ ಪ್ರತಿಗಳನ್ನು ಬೆಂಕಿಗೆ ಜಗ್ಗದ ತಿಜೋರಿಯಲ್ಲಿ ಇಟ್ಟಿದ್ದಾರೆ. ಇಷ್ಟಾದರೂ ಧೈರ್ಯ ಸಾಲದ ಕಂಪನಿಗಳಿಗೆ, ಇದನ್ನು ಬಳಸುವ ಹಕ್ಕು ನಿಮಗಿದೆ ಎಂಬ ಖಾತರಿ ಪತ್ರವನ್ನು ದುಡ್ಡಿಗೆ ಕೊಡುತ್ತಾರೆ.